ಮೀನಿಗೆ ತಕ್ಕ ಎರೆ

ಗಾಳ ಹಾಕುವವನಿಗೆ ತಾಳ್ಮೆಯೊಂದಿದ್ದರೆ ಸಾಕೆಂದು ಜನರು ಸಾಮಾನ್ಯವಾಗಿ ಭಾವಿಸುವುದುಂಟು. ಕೆರೆಯ ಏರಿಯ ಮೇಲೆ ಬೆಳಗಿನಿಂದ ಬೈಗಿನವರೆಗೆ ಕುಳಿತು ಬರಿಗೈಯಲ್ಲಿ ಮನೆಗೆ ಮರಳುವವನನ್ನು ನೋಡಿ, ಇವನ ಹಣೆಯಲ್ಲಿ ಇಂದು ಮೀನು ಬರೆದಿರಲಿಲ್ಲವೆಂದು ನಗುವವರೂ ಉಂಟು. ಆದರೆ ಅದೇ ಏರಿಯ ಮೇಲೆ, ಅದೇ ಹೊತ್ತಿನಲ್ಲಿ, ಹತ್ತು ಮಾರು ದೂರದಲ್ಲಿ ಕುಳಿತ ಇನ್ನೊಬ್ಬನು ಮನೆಮಂದಿಗೆಲ್ಲ ಸಾಲುವಷ್ಟು ಮೀನನ್ನು ಹಿಡಿದಿರುತ್ತಾನೆ. ಇದಕ್ಕೆ ಕಾರಣವನ್ನು ಹಣೆಬರಹದಲ್ಲಿ ಹುಡುಕಬೇಕಾಗಿಲ್ಲ; ಗಾಳದ ತುದಿಯಲ್ಲಿ ನೋಡಿದರೆ ಸಾಕು. ಮೊದಲನೆಯವನು ತನ್ನ ಕೈಗೆ ಸುಲಭವಾಗಿ ದೊರೆತುದನ್ನು ಗಾಳಕ್ಕೆ ಸಿಕ್ಕಿಸಿದ್ದನು. ಎರಡನೆಯವನು ಮೀನಿಗೆ ಬೇಕಾದುದನ್ನು ಸಿಕ್ಕಿಸಿದ್ದನು.

ಗಾಳಕ್ಕೆ ಸಿಕ್ಕಿಸುವ ಆಹಾರಕ್ಕೆ ನಮ್ಮ ಭಾಷೆಯಲ್ಲಿ ಎರೆ ಎಂದು ಹೆಸರು. ಮಣ್ಣಿನೊಳಗಣ ಹುಳುವಿಗೂ ಎರೆಹುಳು ಎಂದೇ ಹೆಸರಿರುವುದರಿಂದ, ಎರೆಯೆಂದರೆ ಆ ಹುಳುವೊಂದೇ ಎಂಬ ಭ್ರಮೆಯು ಅನೇಕರಲ್ಲಿ ನೆಲೆಸಿದೆ. ಎರೆಹುಳುವು ಉತ್ತಮವಾದ ಎರೆಯೆಂಬುದು ನಿಜ. ಆದರೆ ಹುಲ್ಲು ಮೇಯುವ ಮೀನಿಗೂ ಕಪ್ಪೆ ನುಂಗುವ ಮೀನಿಗೂ ಒಂದೇ ಊಟವನ್ನು ಬಡಿಸಿದರೆ ಇಬ್ಬರು ಅತಿಥಿಗಳೂ ಎಲೆ ಬಿಟ್ಟು ಏಳುವುದು ಸಹಜವಲ್ಲವೆ?

ಈ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೊಂದುಂಟು. ಅದರಲ್ಲಿ ಮೀನಿನ ಜಾತಿಗಳು, ಅವುಗಳಿಗೆ ಒಡ್ಡಬೇಕಾದ ಆಹಾರ, ಗಾಳ, ದಾರ, ಕೋಲು ಇವುಗಳೆಲ್ಲದರ ವಿವರಣೆಯಿದೆ. ಬಹುಕಾಲದ ಮೇಲೆ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಎಂಬವರು ಭಾರತದ ಗಾಳದ ಬೇಟೆಯನ್ನು ಕುರಿತು ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಇಂಗ್ಲಿಷ್ ಗ್ರಂಥವು 1873ರಲ್ಲಿ ಮಂಗಳೂರಿನಿಂದಲೇ ಪ್ರಕಟವಾಯಿತು. ಅರಸನಾಗಲಿ ಅಧಿಕಾರಿಯಾಗಲಿ ಬರೆಯುವುದಕ್ಕಿಂತ ಮೊದಲೇ ಈ ವಿದ್ಯೆಯು ನಮ್ಮ ಬೆಸ್ತರ ಬೆರಳ ತುದಿಯಲ್ಲಿದ್ದಿತೆಂದು ಬೇರೆ ಹೇಳಬೇಕಾಗಿಲ್ಲ.

ಮೂರು ಪ್ರಶ್ನೆಗಳು

ಎರೆಯನ್ನು ಆರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೀನಿನ ಬಾಯಿ ಯಾವ ಕಡೆಗೆ ತೆರೆದಿದೆ? ಅದು ನೀರಿನ ಯಾವ ಮಟ್ಟದಲ್ಲಿ ಸಂಚರಿಸುತ್ತದೆ? ಆಹಾರವನ್ನು ಕಣ್ಣಿನಿಂದ ಹುಡುಕುವುದೋ, ವಾಸನೆ ಮತ್ತು ಮೀಸೆಗಳಿಂದ ಹುಡುಕುವುದೋ? ಬಾಯಿ ಮೇಲ್ಮುಖವಾಗಿದ್ದರೆ ಆ ಮೀನು ತನಗಿಂತ ಮೇಲಿರುವ ಆಹಾರವನ್ನು ತೆಗೆದುಕೊಳ್ಳುತ್ತದೆ. ಕೆಳಮುಖವಾಗಿದ್ದರೆ ತಳದ ಕೆಸರನ್ನು ಕೆದಕುತ್ತದೆ. ಬಾಯಿ ಅಗಲವಾಗಿ ಸೀಳಿದ್ದು ಹಲ್ಲುಗಳು ಚೂಪಾಗಿದ್ದರೆ ಅದು ಬೇಟೆಗಾರ. ಮೀಸೆಗಳು ಉದ್ದವಾಗಿದ್ದರೆ ಕತ್ತಲೆಯಲ್ಲಿ ರುಚಿ ನೋಡುತ್ತ ನಡೆಯುವ ಜಾತಿ. ಏಕೆಂದರೆ ಮೀನಿನ ಮೀಸೆಗಳಲ್ಲಿ ನಮ್ಮ ನಾಲಗೆಯಲ್ಲಿರುವಂತೆ ರುಚಿಯನ್ನರಿಯುವ ಅಂಗಗಳಿವೆ. ಪೇಟೆಯಲ್ಲಿ ಮೀನು ಕೊಳ್ಳುವ ಗೃಹಿಣಿಯೂ ಒಮ್ಮೆ ಅದರ ಬಾಯನ್ನು ಗಮನವಿಟ್ಟು ನೋಡಿದರೆ ಅದರ ಜೀವನಕ್ರಮವನ್ನು ಊಹಿಸಬಲ್ಲಳು.

ಗೆಂಡೆಯ ಬಳಗ

ನಮ್ಮ ಕೆರೆಗಳಲ್ಲಿ ಇಂದು ಹೆಚ್ಚಾಗಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಮೀನುಗಳು ಉತ್ತರದ ಗಂಗಾ ಬಯಲಿನ ನದಿಗಳಿಂದ ಬಂದವು. ಮೂರೂ ಒಂದೇ ಕೆರೆಯಲ್ಲಿ ಜಗಳವಿಲ್ಲದೆ ಬಾಳುತ್ತವೆ. ಅವು ಒಂದೇ ಮನೆಯ ಮೂರು ಅಂತಸ್ತುಗಳಲ್ಲಿ ವಾಸಿಸುವ ಸಂಸಾರಗಳಿದ್ದಂತೆ.

ಕಾಟ್ಲಾ ಮೇಲಿನ ಅಂತಸ್ತಿನದು. ಅದರ ತಲೆ ದೊಡ್ಡದು, ಬಾಯಿ ಮೇಲ್ಮುಖ, ಮೀಸೆಯಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳೇ ಅದರ ಮುಖ್ಯ ಆಹಾರ. ಗಟ್ಟಿಯಾದ ಉಂಡೆಯನ್ನು ತಳಕ್ಕೆ ಬಿಟ್ಟು ಕಾಟ್ಲಾಕ್ಕಾಗಿ ಕಾಯುವವನು ವ್ಯರ್ಥವಾಗಿ ಕಾಯುತ್ತಾನೆ. ತೌಡು, ಹುರಿಗಡಲೆ ಹಿಟ್ಟು, ಕಡಲೆಕಾಯಿ ಹಿಂಡಿ ಇವುಗಳನ್ನು ಮೃದುವಾಗಿ ಕಲಸಿ, ನೀರಿನಲ್ಲಿ ಮೆಲ್ಲಮೆಲ್ಲನೆ ಕರಗಿ ಹೊಗೆಯಂತೆ ಹರಡುವ ಹಾಗೆ ಮಾಡಿ, ಬೆಂಡಿನ ಸಹಾಯದಿಂದ ಮೇಲ್ಮಟ್ಟದಲ್ಲಿ ತೂಗಬಿಡಬೇಕು. ರೋಹು ನಡುವಿನ ಅಂತಸ್ತಿನದು. ಅದರ ತುಟಿಯು ಅಂಚಿನಲ್ಲಿ ಜಾಲರಿಯಂತಿದೆ. ಪಾಚಿ, ಕೊಳೆತ ಎಲೆ ಮೊದಲಾದ ಸಸ್ಯಾಹಾರವನ್ನು ಸವರಿ ತಿನ್ನುವುದು ಅದರ ಸ್ವಭಾವ. ಮೆತ್ತನೆಯ ಹಿಟ್ಟಿನ ಸಣ್ಣ ಉಂಡೆಯು ಅದಕ್ಕೆ ಪ್ರಿಯ. ಮೃಗಾಲ್ ತಳದ ವಾಸಿ. ಅದಕ್ಕೆ ಒಡ್ಡುವ ಹಿಟ್ಟು ನೆಲವನ್ನು ಮುಟ್ಟಿರಬೇಕು.

ಸಾಮಾನ್ಯ ಗೆಂಡೆ ಎಂದು ಕರೆಯುವ ಮೀನು ವಿದೇಶದ್ದು. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಬಂದ ಒಂದು ತಳಿಯೂ, 1957ರಲ್ಲಿ ಬ್ಯಾಂಕಾಕಿನಿಂದ ಬಂದ ಇನ್ನೊಂದು ತಳಿಯೂ ನಮ್ಮ ದೇಶದಲ್ಲಿ ಹಬ್ಬಿವೆ. ಇದಕ್ಕೆ ಎರಡು ಜೊತೆ ಮೀಸೆಗಳು. ಬಾಯಿ ಕೊಳವೆಯಂತೆ ಮುಂದಕ್ಕೆ ಚಾಚುತ್ತದೆ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನೊಳಗಿದೆ. ಇದು ಕೆಸರನ್ನು ಹೀರಿ, ಬೇಕಾದುದನ್ನು ಉಳಿಸಿಕೊಂಡು, ಬೇಡವಾದುದನ್ನು ಉಗುಳುತ್ತದೆ. ಆದುದರಿಂದ ಬೆಂಡು ಒಮ್ಮೆ ಅಲುಗಿದ ಕೂಡಲೆ ಕೋಲನ್ನು ಎಳೆಯುವ ಆತುರಗಾರನಿಗೆ ಗೆಂಡೆಯು ದೊರೆಯುವುದಿಲ್ಲ. ಎರೆಹುಳು, ಬೇಯಿಸಿದ ಮುಸುಕಿನ ಜೋಳದ ಕಾಳು, ಗೋದಿ ಹಿಟ್ಟಿನ ಉಂಡೆ ಇವು ಮೂರೂ ಇದಕ್ಕೆ ಸಲ್ಲುತ್ತವೆ. 1959ರಲ್ಲಿ ತರಿಸಿದ ಹುಲ್ಲುಗೆಂಡೆಗಾದರೋ ಎಳೆಯ ಹುಲ್ಲಿನ ಸುರುಳಿಯೇ ಎರೆ. ಎಲ್ಲ ಕೆರೆಗಳಲ್ಲಿಯೂ ತುಂಬಿಕೊಂಡಿರುವ ಜಿಲೇಬಿ ಮೀನು 1952ರಲ್ಲಿ ಬಂದ ಅತಿಥಿ. ಅದರ ಬಾಯಿ ಚಿಕ್ಕದು. ಚಿಕ್ಕ ಗಾಳಕ್ಕೆ ಎರೆಹುಳುವಿನ ಒಂದು ತುಣುಕನ್ನು ಸಿಕ್ಕಿಸಿದರೆ ಮಕ್ಕಳೂ ಹಿಡಿಯಬಲ್ಲರು.

ಬೇಟೆಗಾರ ಮೀನುಗಳು

ಬಾಳೆ ಮೀನು, ಮುರುಗೋಡು, ಚೇಳುಮೀನು ಇವು ಹುರುಪೆಯಿಲ್ಲದ, ಉದ್ದ ಮೀಸೆಯ ಜಾತಿಗಳು. ಇವುಗಳ ಸಂಚಾರವು ಹೆಚ್ಚಾಗಿ ಕತ್ತಲಾದ ಮೇಲೆ. ಇವುಗಳನ್ನು ಕರೆಯುವುದು ಎರೆಯ ವಾಸನೆಯೇ ಹೊರತು ಅದರ ಬಣ್ಣವಲ್ಲ. ಮುರುಗೋಡಿಗೂ ಚೇಳುಮೀನಿಗೂ ಎರೆಹುಳುಗಳ ಗೊಂಚಲು ಅಥವಾ ಕೋಳಿಯ ಕರುಳು ತಕ್ಕದ್ದು. ದೊಡ್ಡ ಬಾಯಿಯ ಬಾಳೆ ಮೀನಿಗೆ ಸಣ್ಣ ಮೀನನ್ನೇ ಒಡ್ಡುವರು. ಚೇಳುಮೀನಿನ ಎದೆಯ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆಯೆಂಬುದನ್ನು ಮರೆಯಬಾರದು. ಚುಚ್ಚಿಸಿಕೊಂಡ ಕೈಯನ್ನು ತಾಳಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಅದ್ದಿದರೆ ಉರಿಯು ತಗ್ಗುತ್ತದೆ. ನೋವು ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಕೊರವನು ಇನ್ನೊಂದು ಬಗೆಯ ಬೇಟೆಗಾರ. ಕಿವಿರುಗಳಲ್ಲದೆ ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗವೂ ಇದಕ್ಕಿರುವುದರಿಂದ ಆಗಾಗ ಮೇಲಕ್ಕೆ ಬರುತ್ತದೆ. ಜೊಂಡು, ತಾವರೆಗಳ ಮರೆಯಲ್ಲಿ ಅಡಗಿ, ಚಲಿಸುವ ವಸ್ತುವಿನ ಮೇಲೆ ಹಠಾತ್ತನೆ ಎರಗುವುದು ಇದರ ಕ್ರಮ. ಹಿಂದೆ ಇದಕ್ಕೆ ಜೀವಂತ ಕಪ್ಪೆಯನ್ನೇ ಸಿಕ್ಕಿಸುತ್ತಿದ್ದರು. ಆ ಕ್ರೌರ್ಯವು ಈಗ ಅನಾವಶ್ಯಕ. ರಬ್ಬರಿನ ಕಪ್ಪೆಯನ್ನು ಎಲೆಗಳ ನಡುವೆ ಕುಪ್ಪಳಿಸುವಂತೆ ಎಳೆದರೆ ಕೊರವನು ಅದಕ್ಕೂ ಅಷ್ಟೇ ರಭಸದಿಂದ ಎರಗುತ್ತಾನೆ. ಗದ್ದೆಯ ಹುಳುಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ಕಪ್ಪೆಯು ಗದ್ದೆಯಲ್ಲಿಯೇ ಇರಲಿ.

ಕಾವೇರಿಯ ಬಿಳಿಮೀನು

ನದಿಯ ಮೀನುಗಳ ರಾಜನೆನಿಸಿಕೊಂಡ ಮಹಸೀರನ್ನು ಕಾವೇರಿಯ ತೀರದವರು ಬಿಳಿಮೀನು ಎನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ನದಿಯಲ್ಲಿ 120 ಪೌಂಡು ತೂಕದ ಬಿಳಿಮೀನೊಂದನ್ನು ಗಾಳದಿಂದ ಹಿಡಿದರು. ಇಂಥ ಬಲಶಾಲಿಗೆ ಒಡ್ಡುತ್ತಿದ್ದ ಎರೆಯಾದರೂ ಯಾವುದು? ನಮ್ಮ ನಿತ್ಯದ ರಾಗಿ! ಗಟ್ಟಿಯಾಗಿ ಬೇಯಿಸಿ ನಾದಿದ ರಾಗಿಹಿಟ್ಟನ್ನು ನಿಂಬೆಹಣ್ಣಿನ ಗಾತ್ರದ ಉಂಡೆಯಾಗಿ ಗಾಳದ ಸುತ್ತ ಮೆತ್ತುತ್ತಿದ್ದರು. ಬಿಳಿಮೀನು ಏಡಿ, ಶಂಖದ ಹುಳು, ಸಣ್ಣ ಮೀನು, ದಡದ ಮರಗಳಿಂದ ಉದುರುವ ಅತ್ತಿಯಂಥ ಹಣ್ಣು ಎಲ್ಲವನ್ನೂ ತಿನ್ನುತ್ತದೆ; ಗಂಟಲಿನ ಹಲ್ಲುಗಳಿಂದ ಚಿಪ್ಪನ್ನು ಪುಡಿಮಾಡುತ್ತದೆ. ನೀರಿಗೆ ಉರುಳಿಬೀಳುವ ದುಂಡನೆಯ ಗಟ್ಟಿ ಉಂಡೆಯು ಅದಕ್ಕೆ ಹಣ್ಣಿನಂತೆಯೇ ಆಕರ್ಷಕ.

ಇಲ್ಲಿ ಭೂತಕಾಲದಲ್ಲಿ ಬರೆದುದಕ್ಕೆ ಕಾರಣವಿದೆ. ಕಾವೇರಿಯ ಜಲಾನಯನದಲ್ಲಿ ಮಾತ್ರ ಇರುವ, ಬೆನ್ನು ಉಬ್ಬಿದ ದೊಡ್ಡ ಮಹಸೀರ್ ಜಾತಿಯನ್ನು 2018ರಲ್ಲಿ ವಿನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅಣೆಕಟ್ಟು, ಮರಳು ತೆಗೆಯುವಿಕೆ, ಸಿಡಿಮದ್ದು ಇವೆಲ್ಲವೂ ಸೇರಿ ಅದನ್ನು ಈ ಸ್ಥಿತಿಗೆ ತಂದಿವೆ. ಬೇರೆ ಮೀನಿಗೆಂದು ಹಾಕಿದ ಗಾಳಕ್ಕೆ ಅದು ಬಿದ್ದರೆ, ನೀರಿನಿಂದ ಮೇಲೆತ್ತದೆಯೇ ಬಿಡಿಸಿ ಹರಿಯಗೊಡಬೇಕು. ಮಹಸೀರು ಆಹಾರ ತೆಗೆದುಕೊಳ್ಳುವ ಸೊಬಗನ್ನು ನೋಡಬಯಸುವವರು ಶೃಂಗೇರಿಯ ತುಂಗಾತೀರಕ್ಕೆ ಹೋಗಬಹುದು. ಅಲ್ಲಿ ಯಾತ್ರಿಕರು ಎಸೆಯುವ ಪುರಿಗಾಗಿ ಮೀನುಗಳು ಸೋಪಾನದವರೆಗೂ ಬರುತ್ತವೆ. ಯಾರೂ ಅವುಗಳನ್ನು ಹಿಡಿಯುವುದಿಲ್ಲ.

ಅಡಿಗೆಮನೆಯಲ್ಲಿ ಎರೆ

ಗೆಂಡೆ ಜಾತಿಗಳಿಗೆ ಬೇಕಾದ ಎರೆಯನ್ನು ಮನೆಯಲ್ಲಿಯೇ ಮಾಡಬಹುದು. ಎರಡು ಪಾಲು ರಾಗಿಹಿಟ್ಟು, ಒಂದು ಪಾಲು ಗೋದಿ ಹಿಟ್ಟು, ಅರ್ಧ ಪಾಲು ಪುಡಿಮಾಡಿದ ಕಡಲೆಕಾಯಿ ಹಿಂಡಿ ಇವುಗಳನ್ನು ಬೆರಸಿ ಕುದಿಯುವ ನೀರಿನಲ್ಲಿ ಮುದ್ದೆಯಂತೆ ಬೇಯಿಸಬೇಕು. ಆರಿದ ಮೇಲೆ ಚಿಟಿಕೆ ಇಂಗನ್ನಾಗಲಿ ಹುರಿದ ಮೆಂತ್ಯದ ಪುಡಿಯನ್ನಾಗಲಿ ಸೇರಿಸಿ ಚೆನ್ನಾಗಿ ನಾದಬೇಕು. ಉಂಡೆಯು ನೀರಿನಲ್ಲಿ ಬೇಗನೆ ಬಿಚ್ಚಿಹೋಗುವುದಾದರೆ ಹತ್ತಿಯ ಕೆಲವು ಎಳೆಗಳನ್ನು ಹಿಟ್ಟಿನೊಡನೆ ಸೇರಿಸಿ ನಾದಿದರೆ ಅದು ಗಾಳವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ದಿನವಿಡೀ ಮೆತ್ತಗಿರುವುದು. ಕೈಗೆ ಸೀಮೆಎಣ್ಣೆ, ತಂಬಾಕು, ಸಾಬೂನುಗಳ ವಾಸನೆಯಿರಕೂಡದು. ನಮಗೆ ತಿಳಿಯದಷ್ಟು ಅಲ್ಪವಾದ ವಾಸನೆಯೂ ಮೀನಿಗೆ ತಿಳಿಯುತ್ತದೆ.

ಎರೆಹುಳುಗಳನ್ನು ತಿಪ್ಪೆಯ ಬದಿಯಲ್ಲಾಗಲಿ ಬಚ್ಚಲ ನೀರು ಹರಿಯುವ ಬಾಳೆಯ ಬುಡದಲ್ಲಾಗಲಿ ಅಗೆದು ತೆಗೆಯಬಹುದು. ಅವುಗಳನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಬಿಸಿಲಿನಲ್ಲಿ ಇಡುವುದು ತಪ್ಪು. ಮಣ್ಣಿನ ಮಡಕೆಯಲ್ಲಿ ಒದ್ದೆ ಎಲೆಗಳ ನಡುವೆ ಒಂದು ದಿನ ನೆರಳಿನಲ್ಲಿಟ್ಟರೆ ಹೊಟ್ಟೆಯ ಮಣ್ಣನ್ನು ಕಳೆದುಕೊಂಡು ಗಟ್ಟಿಯಾಗುತ್ತವೆ. ಆಗ ಗಾಳದ ಮೇಲೆ ಬಹಳ ಹೊತ್ತು ನಿಲ್ಲುತ್ತವೆ.

ಹೊತ್ತು ಮತ್ತು ನೀರು

ಎರೆ ಸರಿಯಾಗಿದ್ದರೂ ಹೊತ್ತು ತಪ್ಪಿದರೆ ಫಲವಿಲ್ಲ. ಬೇಸಿಗೆಯ ನಡುಹಗಲಿನಲ್ಲಿ ನೀರು ಕಾದು ಅದರೊಳಗಣ ಪ್ರಾಣವಾಯುವು ಕಡಮೆಯಾಗುವುದರಿಂದ ಮೀನುಗಳು ಆಳಕ್ಕೆ ಅಥವಾ ನೆರಳಿಗೆ ಸರಿದು ಆಹಾರದಲ್ಲಿ ನಿರಾಸಕ್ತಿ ತೋರುತ್ತವೆ. ಮುಂಜಾವು ಮತ್ತು ಮುಚ್ಚಂಜೆಗಳೇ ತಕ್ಕ ಕಾಲ. ಹೊಸ ಮಳೆಯ ಕೆಂಪು ನೀರಿನಲ್ಲಿ ಕಣ್ಣು ಕಾಣದು. ಮೇಲಾಗಿ ದಡದ ಎರೆಹುಳುಗಳು ಕೊಚ್ಚಿಕೊಂಡು ಬರುತ್ತಿರುತ್ತವೆ. ಆಗ ಎರೆಹುಳುವನ್ನು ಮೀರಿದ ಎರೆಯಿಲ್ಲ. ತಿಳಿನೀರಿನಲ್ಲಿ ದಾರವು ಸಣ್ಣದಾಗಿರಬೇಕು, ಎರೆಯು ಚಿಕ್ಕದಾಗಿರಬೇಕು, ಗಾಳ ಹಾಕುವವನ ನೆರಳು ನೀರಿನ ಮೇಲೆ ಬೀಳಕೂಡದು.

ಕೆರೆಯು ಯಾರ ಗುತ್ತಿಗೆಯಲ್ಲಿದೆಯೆಂದು ವಿಚಾರಿಸಿ ಒಪ್ಪಿಗೆ ಪಡೆದೇ ಕುಳಿತುಕೊಳ್ಳುವುದು ಮರ್ಯಾದೆ. ಅಭಯಾರಣ್ಯಗಳ ನದಿಗಳಲ್ಲಿ ಗಾಳ ಹಾಕಲಾಗದು. ಒಂದು ಕೆರೆಯಿಂದ ಎರೆಗಾಗಿ ತಂದ ಜೀವಂತ ಮರಿಗಳನ್ನು ಇನ್ನೊಂದು ಕೆರೆಗೆ ಚೆಲ್ಲಿ ಬರುವ ಅಭ್ಯಾಸವು ಬಹು ಕೆಟ್ಟದು. ಹೊರಗಿನ ಮೀನುಗಳು ಸ್ಥಳೀಯ ಜಾತಿಗಳ ಬಾಯಿಯ ತುತ್ತನ್ನು ಕಸಿದುಕೊಳ್ಳುವುದು ಹೀಗೆಯೇ.

ಎರೆಯೊಡ್ಡಬಾರದ ಸಮಯ

ಕಡೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಮಳೆಗಾಲದಲ್ಲಿ ಕೆರೆಯ ಅಂಚಿನಲ್ಲಿ ಒಂದೆಡೆ ನೀರು ಸಣ್ಣಗೆ ಕುದಿಯುತ್ತಿರುವಂತೆ ಕಾಣುವುದುಂಟು. ಹತ್ತಿರ ಹೋಗಿ ನೋಡಿದರೆ ನೂರಾರು ಕೆಂಪನೆಯ ಪುಟ್ಟ ಮರಿಗಳು ಗುಂಪಾಗಿ ಮೇಲೆದ್ದು ಗಾಳಿಯನ್ನು ಗುಟುಕರಿಸುತ್ತಿರುತ್ತವೆ. ಅವು ಕೊರವನ ಮರಿಗಳು. ಅವುಗಳ ಕೆಳಗೆ, ಕಣ್ಣಿಗೆ ಬೀಳದಂತೆ, ತಾಯಿತಂದೆಗಳು ಕಾವಲಿರುತ್ತವೆ. ಆಗ ಮರಿಗಳ ಬಳಿಗೆ ಏನನ್ನು ಎಸೆದರೂ ಅವು ಬಂದು ಕಚ್ಚುತ್ತವೆ. ಹೊಟ್ಟೆಗಾಗಿ ಕಚ್ಚುವುದಿಲ್ಲ, ಮರಿಗಳಿಗೆ ಅಪಾಯ ಬಂದಿತೆಂದು ಕಚ್ಚುತ್ತವೆ. ಇದನ್ನು ತಿಳಿದ ಕೆಲವರು ಆ ಗುಂಪಿನ ನಡುವೆಯೇ ಗಾಳವನ್ನು ಹಾಕಿ, ದೊಡ್ಡ ಮೀನನ್ನು ಒಂದು ಗಳಿಗೆಯಲ್ಲಿ ಹಿಡಿದು ಹೆಮ್ಮೆಪಡುತ್ತಾರೆ. ಕಾವಲು ತಪ್ಪಿದ ಮರಿಗಳನ್ನು ಇತರ ಮೀನುಗಳೂ ಹಕ್ಕಿಗಳೂ ತಿಂದು ಮುಗಿಸುತ್ತವೆ. ಒಂದು ಮೀನು ಸಾರಿಗೆ ಬಂದಿತು; ಮುಂದಿನ ವರ್ಷದ ಮೀನುಗಳೆಲ್ಲ ಹೋದುವು.

ಹಸಿದ ಮೀನಿಗೆ ಎರೆಯೊಡ್ಡಿ ಅದರ ಜಾಣ್ಮೆಯನ್ನು ನಮ್ಮ ಜಾಣ್ಮೆಯಿಂದ ಗೆಲ್ಲುವುದರಲ್ಲಿ ವಿದ್ಯೆಯುಂಟು, ವಿನೋದವೂ ಉಂಟು. ಮರಿಗಳನ್ನು ಕಾಯುವ ಮೀನಿನ ಮಮತೆಯನ್ನೇ ಗಾಳವನ್ನಾಗಿ ಮಾಡಿಕೊಳ್ಳುವುದರಲ್ಲಿ ಎರಡೂ ಇಲ್ಲ. ಮಕ್ಕಳಿಗೆ ಗಾಳ ಹಾಕುವುದನ್ನು ಕಲಿಸುವ ಹಿರಿಯರು ಎರೆಯನ್ನು ಸಿಕ್ಕಿಸುವ ಬಗೆಯೊಡನೆ ಗಾಳವನ್ನು ಸುತ್ತಿಟ್ಟು ಎದ್ದುಬರಬೇಕಾದ ಸಮಯವನ್ನೂ ಕಲಿಸಿಕೊಡಲಿ. ಹಾಗಾದರೆ ಅವರ ಮೊಮ್ಮಕ್ಕಳ ಕಾಲಕ್ಕೂ ಕೆರೆಯಲ್ಲಿ ಮೀನಿರುವುದು.