ಹಳೆಯ ಕಾರಿನ ಹೊಗೆಕೊಳವೆ

ಇಂಗ್ಲೆಂಡಿನ ಅಬಿಂಗ್‌ಡನ್ ಪಟ್ಟಣದ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಎಂ.ಜಿ.ಬಿ. ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು. ನಾಲ್ಕು ಸಿಲಿಂಡರುಗಳ, 1798 ಘನ ಸೆಂಟಿಮೀಟರಿನ ಸರಳ ಎಂಜಿನು ಅದರದು. ಇಂದಿಗೂ ಅದನ್ನು ಮನೆಯಂಗಳದಲ್ಲಿ ತಾವೇ ದುರಸ್ತಿ ಮಾಡಿಕೊಳ್ಳುವವರಿದ್ದಾರೆ. ಇಂಥ ಕಾರುಗಳಲ್ಲಿ ಆಗಾಗ ತೊಂದರೆ ಕೊಡುವ ಭಾಗ ಹೊಗೆಕೊಳವೆ. ಅದು ಕೆಟ್ಟರೆ ಕಿವಿಗೆ ಕಿರಿಕಿರಿ ಮಾತ್ರವಲ್ಲ, ಪ್ರಾಣಕ್ಕೇ ಸಂಚಕಾರ ಬರಬಹುದು. ಹೇಗೆಂಬುದನ್ನು ನೋಡೋಣ.

ಸಿಲಿಂಡರುಗಳಲ್ಲಿ ಉರಿದ ಅನಿಲವು ಮೊದಲು ಎರಕದ ಕಬ್ಬಿಣದ ಕವಲುಕೊಳವೆಯನ್ನು ಸೇರುತ್ತದೆ. ಅಲ್ಲಿಂದ ಕಾರಿನ ಅಡಿಯಲ್ಲಿ ಹಾಯ್ದು, ಸೈಲೆನ್ಸರಿನಲ್ಲಿ ತನ್ನ ಅಬ್ಬರವನ್ನು ಕಳೆದುಕೊಂಡು ಹಿಂಬದಿಯಿಂದ ಹೊರಬೀಳುತ್ತದೆ.

ಈ ಕೊಳವೆಯ ಮುಖ್ಯ ಶತ್ರು ನೀರು. ಬೆಂಕಿಯಲ್ಲಿ ನೀರೆಲ್ಲಿಯದು? ಪೆಟ್ರೋಲಿನಲ್ಲಿರುವ ಜಲಜನಕವು ಉರಿಯುವಾಗ ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ! ದೂರ ಪ್ರಯಾಣದಲ್ಲಿ ಅದು ಆವಿಯಾಗಿ ಹೊರಟುಹೋಗುತ್ತದೆ. ಕಾರು ಸ್ವಲ್ಪವೇ ಓಡಿ ನಿಂತರೆ, ತಣ್ಣಗಿರುವ ಸೈಲೆನ್ಸರಿನಲ್ಲಿ ಹನಿಗೂಡಿ, ಆಮ್ಲಗಳೊಡನೆ ಬೆರೆತು ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಆದ್ದರಿಂದ ಹೊರಗೆ ಹೊಳೆಯುವ ಸೈಲೆನ್ಸರು ಒಳಗೆ ಟೊಳ್ಳಾಗಿರಬಹುದು.

ಸೋರುವಿಕೆಯನ್ನು ಪತ್ತೆಹಚ್ಚಲು ಎಂಜಿನು ತಣ್ಣಗಿರುವಾಗಲೇ ಪರೀಕ್ಷೆ ಆರಂಭಿಸಬೇಕು. ಬಿಸಿಯೇರಿದಂತೆ ಲೋಹ ಹಿಗ್ಗಿ ಸಣ್ಣ ಬಿರುಕು ಮುಚ್ಚಿಕೊಳ್ಳುವುದುಂಟು. ಸಂದುಗಳ ಸುತ್ತ ಕಪ್ಪು ಮಸಿ ಕಂಡರೆ ಅನಿಲ ಅಲ್ಲಿಂದ ನುಸುಳುತ್ತಿದೆಯೆಂದು ತಿಳಿಯಬೇಕು. ಎಂಜಿನು ನಿಧಾನವಾಗಿ ನಡೆಯುತ್ತಿರುವಾಗ, ದಪ್ಪ ಕೈಗವಸು ತೊಟ್ಟ ಸಹಾಯಕನೊಬ್ಬ ಕೊಳವೆಯ ಬಾಯಿಗೆ ಬಟ್ಟೆಯುಂಡೆಯನ್ನು ಕ್ಷಣಕಾಲ ಒತ್ತಿ ಹಿಡಿದರೆ, ಬಿರುಕಿನ ಬುಸುಗುಟ್ಟುವಿಕೆ ಸ್ಪಷ್ಟವಾಗಿ ಕೇಳಿಸುತ್ತದೆ. ವೇಗ ತಗ್ಗಿಸಿದಾಗ ಕೊಳವೆಯಲ್ಲಿ ಪಟಪಟನೆ ಸದ್ದಾದರೂ ಸೋರಿಕೆಯ ಸಂಶಯಪಡಬೇಕು: ಬಿರುಕಿನಿಂದ ಒಳಸೇರಿದ ಗಾಳಿಯೊಡನೆ, ಉರಿಯದೆ ಉಳಿದ ಪೆಟ್ರೋಲಿನ ಆವಿ ಅಲ್ಲಿಯೇ ಹೊತ್ತಿಕೊಳ್ಳುತ್ತದೆ.

ಹೊಗೆಯ ಬಣ್ಣವೂ ಬಹಳಷ್ಟು ಹೇಳುತ್ತದೆ. ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ಕಪ್ಪಾದರೆ ಕಾರ್ಬುರೇಟರುಗಳು ಪೆಟ್ರೋಲನ್ನು ಅಧಿಕವಾಗಿ ಉಣಿಸುತ್ತಿವೆ. ಚಳಿಯ ಬೆಳಗಿನಲ್ಲಿ ಕಾಣುವ ಬಿಳಿಯ ಆವಿ ಸಹಜ. ಎಂಜಿನು ಬಿಸಿಯಾದ ಮೇಲೂ ಅದು ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಸಿಲಿಂಡರಿನ ತಲೆಭಾಗದ ಗ್ಯಾಸ್ಕೆಟ್ಟು ಹರಿದಿರಬಹುದು. ಇಂಥಲ್ಲಿ ಕೊಳವೆಯನ್ನು ಬದಲಿಸಿ ಫಲವಿಲ್ಲ, ರೋಗವಿರುವುದು ಎಂಜಿನಿನಲ್ಲಿ.

ಸಂದಿನ ಗ್ಯಾಸ್ಕೆಟ್ಟನ್ನೂ ಬಿಗಿಪಟ್ಟಿಯನ್ನೂ ಮನೆಯಲ್ಲೇ ಬದಲಿಸಬಹುದು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತೆಳು ಎಣ್ಣೆ ಹಾಕಿಟ್ಟರೆ ಕೆಲಸ ಹಗುರ. ತೂತಾದ ಸೈಲೆನ್ಸರಿಗೆ ಮೆತ್ತುವ ಲೇಪ ಕೆಲವು ದಿನಗಳ ಮಾತು. ಹೊಸದನ್ನು ಹಾಕುವುದೇ ಲೇಸು.

ಇಷ್ಟೆಲ್ಲ ಮಾಡುವಾಗ ಎರಡು ನಿಯಮಗಳನ್ನು ಮರೆಯಬಾರದು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಎಂದೂ ನುಸುಳಬಾರದು. ಗಟ್ಟಿಯಾದ ಉಕ್ಕಿನ ಆಧಾರಗಳಿರಬೇಕು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನನ್ನು ನಡೆಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಕುತನ, ಬಳಿಕ ಮೂರ್ಛೆ! ಕಾರಿನ ನೆಲಹಲಗೆ ತುಕ್ಕಿನಿಂದ ತೂತಾಗಿದ್ದರೆ, ಸೋರುವ ಕೊಳವೆಯ ಅನಿಲ ಓಡುವ ಕಾರಿನೊಳಕ್ಕೂ ಬರಬಲ್ಲದು. ಕೊಳವೆಯ ಒಂದು ಸಣ್ಣ ಬಿರುಕನ್ನೂ ನಾವು ಅಲಕ್ಷಿಸಲಾಗದ್ದು ಇದೇ ಕಾರಣದಿಂದ.