ಲಾಜರನ ಸಮಾಧಿಯ ಮುಂದೆ ಒಂದು ಕ್ರಿಯಾಪದ

ಸಾವಿನ ಮನೆಗೆ ಹೋದಾಗ ಗುರುಗಳಾದ ನಾವು ಆಡುವ ಮಾತುಗಳು ಬಹುಮಟ್ಟಿಗೆ ಮೊದಲೇ ಸಿದ್ಧವಾಗಿರುತ್ತವೆ. ಎಳೆಯ ಮಗನನ್ನು ಮಣ್ಣುಮಾಡಿ ಬಂದ ತಾಯಿಯೊಬ್ಬರಿಗೆ ನಾವು ಒಮ್ಮೆ, ಎಲ್ಲವೂ ದೇವರ ಚಿತ್ತ, ಸಮಾಧಾನ ತಂದುಕೊಳ್ಳಿರಮ್ಮ ಎಂದೆವು. ಅವರು ತಲೆಯೆತ್ತಿ, "ಅಳು ಬರುತ್ತಿಲ್ಲ ಫಾದರ್, ಸಿಟ್ಟು ಬರುತ್ತಿದೆ. ಇದು ಪಾಪವೇ?" ಎಂದು ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಸಂತ ಯೊವಾನ್ನರ ಶುಭಸಂದೇಶದ 11ನೆಯ ಅಧ್ಯಾಯದಲ್ಲಿತ್ತು. ಬೆಥಾನಿಯದಲ್ಲಿ ಮರಿಯಳೂ ಆಕೆಯೊಡನೆ ಬಂದವರೂ ಗೋಳಾಡುವುದನ್ನು ಕಂಡ ಯೇಸುಸ್ವಾಮಿಯ ಒಳಗೆ ಆದುದೇನು ಎಂಬುದನ್ನು (11:33) ಹೇಳುವ ಗ್ರೀಕ್ ಕ್ರಿಯಾಪದ 'ಎಂಬ್ರಿಮಾವೊಮಾಯ್'. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಐದೇ ಸಲ. ಅನೇಕ ಅನುವಾದಗಳು ಅದನ್ನು ಮನಮರುಗಿದರೆಂಬ ಅರ್ಥಕ್ಕೆ ಇಳಿಸಿವೆ. ಮೂಲ ಅಷ್ಟು ಮೃದುವಲ್ಲ. ಕ್ರಿ.ಪೂ. 5ನೆಯ ಶತಮಾನದ ನಾಟಕಕಾರ ಈಸ್ಕಿಲಸ್, ಲಗಾಮಿನಲ್ಲಿ ಬಿಗಿದ ಯುದ್ಧದ ಕುದುರೆಗಳು ಬುಸುಗುಟ್ಟುವುದಕ್ಕೆ ಈ ಪದವನ್ನೇ ಬಳಸಿದ್ದಾನೆ. ಸುಗಂಧತೈಲ ಸುರಿದ ಸ್ತ್ರೀಯನ್ನು ಅಲ್ಲಿದ್ದವರು ಗದರಿಸಿದ್ದು (ಮಾರ್ಕ 14:5) ಇದೇ ಪದದಿಂದ. ಮತ್ತಾಯ 9:30 ಮತ್ತು ಮಾರ್ಕ 1:43ರಲ್ಲಿ ಇದು, ಗುಣಹೊಂದಿದವರಿಗೆ ಸ್ವಾಮಿ ಕೊಟ್ಟ ಕಟ್ಟೆಚ್ಚರಿಕೆ. ಉಳಿದ ಎರಡೂ ಲಾಜರನ ಪ್ರಸಂಗದವು.

ಆದರೆ ಬೆಥಾನಿಯದಲ್ಲಿ ಸ್ವಾಮಿ ಯಾರನ್ನೂ ಗದರಿಸುತ್ತಿಲ್ಲ. ಕೋಪ ಒಡಲೊಳಗೇ ಕುದಿಯುತ್ತಿದೆ. ಯಾರ ಮೇಲೆ? ಸಂತ ಜಾನ್ ಕ್ರಿಸೊಸ್ತಮರು, ಸ್ವಾಮಿ ತಮ್ಮ ಭಾವೋದ್ವೇಗವನ್ನೇ ಗದರಿಸಿಕೊಂಡರೆಂದು ಅರ್ಥೈಸಿದರು. ಜನರ ಅವಿಶ್ವಾಸದ ಮೇಲೆ ಎನ್ನುವವರೂ ಇದ್ದಾರೆ. 37ನೆಯ ವಾಕ್ಯದ ಗೊಣಗಾಟ ಅವರಿಗೆ ಆಧಾರ. ನಮಗಾದರೋ ಅದು ಮರಣದ ಮೇಲಣ ಕೋಪವೆಂದೇ ತೋರುತ್ತದೆ. ಗೆಳೆಯನನ್ನು ಕಸಿದುಕೊಂಡು ಬಾಯಿಗೆ ಕಲ್ಲು ಮುಚ್ಚಿಕೊಂಡಿರುವ ಆ ಶತ್ರುವಿನ ಎದುರಿಗಲ್ಲವೇ ಅವರು ನಡೆಯುತ್ತಿರುವುದು? ಸುಖದುಃಖಗಳಿಗೆ ಅಲುಗದವನೇ ಜ್ಞಾನಿ ಎಂದ ಸ್ತೋಯಿಕ್ ದಾರ್ಶನಿಕರು ಸೆಮಿನರಿಯ ದಿನಗಳಲ್ಲಿ ನಮಗೆ ಬಲು ಎತ್ತರವಾಗಿ ಕಂಡಿದ್ದರು. ಆ ಎತ್ತರದಿಂದ ನೋಡಿದರೆ ಈ ಕೋಪವೂ ಕಾಣದು, ಎರಡು ವಾಕ್ಯಗಳ ನಂತರ ಬರುವ ಕಣ್ಣೀರೂ ಕಾಣದು. ಆ ಕಣ್ಣೀರಿನದ್ದು ಇನ್ನೂ ಅಪರೂಪದ ಕ್ರಿಯಾಪದ: ಹೊಸ ಒಡಂಬಡಿಕೆಯಲ್ಲಿ ಅಲ್ಲಿ ಒಂದೇ ಸಲ. ಸುತ್ತಲಿನವರ ಗೋಳಾಟಕ್ಕೆ ಯೊವಾನ್ನರು ಬಳಸಿದ ಪದವೇ ಬೇರೆ.

ಕಣ್ಣೀರು ಸುರಿದ ಮೇಲೂ ಕೋಪ ಆರಲಿಲ್ಲ. ಸಮಾಧಿಯ ಬಳಿ ಬಂದಾಗ (11:38) ಅದೇ 'ಎಂಬ್ರಿಮಾವೊಮಾಯ್' ಮತ್ತೆ ಬರುತ್ತದೆ. ಅದರ ಬೆನ್ನಿಗೇ, ಕಲ್ಲನ್ನು ತೆಗೆಯಬೇಕೆಂಬ ಆಜ್ಞೆ.

ತಪಸ್ಸುಕಾಲದ ಐದನೆಯ ಭಾನುವಾರ, ಲಾಜರನ ವಾಚನ ಓದಿದ ದಿನ, ಆ ತಾಯಿಯ ಮನೆಗೆ ಮತ್ತೆ ಹೋದೆವು. ಈ ಪದದ ವಿಷಯ ತಿಳಿಸಿ, ಅಂದು ನಾವು ಆಡಿದ ಮಾತಿಗೆ ಕ್ಷಮೆ ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು.

"ಎರಡು ಸಲವೇ ಫಾದರ್?"

ಎರಡು ಸಲ, ಎಂದೆವು.