ಬಾಗಿಲಲ್ಲಿ ಕೇಳುವ ಎರಡು ಪ್ರಶ್ನೆಗಳು

ಅಶೋಕವನದಲ್ಲಿ ಸೀತೆ ಹನುಮಂತನನ್ನು ಕಂಡೊಡನೆ ನಂಬಲಿಲ್ಲ. ಮಾರುವೇಷದಲ್ಲಿ ಬಂದ ರಾವಣನೇ ಇರಬಹುದೆಂದು ಶಂಕಿಸಿದಳು. ಅವನು ರಾಮನ ಗುರುತುಗಳನ್ನು ವರ್ಣಿಸಿ, ಮುದ್ರೆಯುಂಗುರವನ್ನು ಮುಂದಿಟ್ಟ ಮೇಲೆ ಸಂದೇಹ ತೊಲಗಿತು. ಆದರೆ ಅದೇ ಹನುಮಂತನು ತನ್ನ ಬೆನ್ನ ಮೇಲೆ ಕುಳ್ಳಿರಿಸಿಕೊಂಡು ಆಕೆಯನ್ನು ರಾಮನ ಬಳಿಗೆ ಒಯ್ಯುವೆನೆಂದಾಗ ಸೀತೆ ಒಪ್ಪಲಿಲ್ಲ. ಅವನು ಯಾರೆಂಬ ವಿಷಯದಲ್ಲಿ ಆಗ ಅನುಮಾನ ಉಳಿದಿರಲಿಲ್ಲ. ಆದರೂ ತನ್ನನ್ನು ಬಿಡಿಸಿಕೊಂಡು ಹೋಗುವುದು ರಾಮನಿಗೆ ಸಲ್ಲುವ ಕಾರ್ಯ, ದೂತನಿಗಲ್ಲ ಎಂಬುದು ಆಕೆಯ ನಿಲುವು. ಸುಂದರಕಾಂಡದ ಈ ಪ್ರಸಂಗವನ್ನು ತರಗತಿಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಜಾಲತಾಣಗಳ ಬಾಗಿಲಲ್ಲಿ ನಾವು ಪಡುವ ಪಾಡನ್ನು ವಿವರಿಸಲು ಇದಕ್ಕಿಂತ ಹೊಂದುವ ನಿದರ್ಶನ ನನಗೆ ಸಿಕ್ಕಿಲ್ಲ.

ನೀನು ಯಾರು ಎಂಬುದು ಆ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ. ಇಲ್ಲಿ ಏನು ಮಾಡಲು ನಿನಗೆ ಅಧಿಕಾರವುಂಟು ಎಂಬುದು ಎರಡನೆಯದು. ಮೊದಲನೆಯದಕ್ಕೆ ಸರಿಯುತ್ತರ ಕೊಟ್ಟ ಮಾತ್ರಕ್ಕೆ ಎರಡನೆಯದು ತಾನಾಗಿ ಬಗೆಹರಿಯುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯಲ್ಲಿ ಪಹಣಿ, ಪಿಂಚಣಿ, ಪಡಿತರ ಯಾವುದಕ್ಕಾದರೂ ಈಗ ನಾವೋ ನಮ್ಮ ಪರವಾಗಿ ಮತ್ತೊಬ್ಬರೋ ಇಂಥ ಬಾಗಿಲನ್ನು ದಾಟಲೇಬೇಕು. ನಿವೃತ್ತ ಮೇಷ್ಟ್ರು, ಹೊತ್ತಿದೆ, ಓದಿ ಹೇಳುತ್ತಾರೆ ಎಂದು ನೆರೆಹೊರೆಯವರು ನನ್ನ ಬಳಿಗೂ ಮೊಬೈಲು ತರುವುದುಂಟು. ಬಂದವರೆಲ್ಲರ ಮಾತು ಒಂದೇ: “ಪಾಸ್‌ವರ್ಡು ತಗೊಳ್ತಿಲ್ಲ ಸಾರ್.” ವಿಚಾರಿಸಿ ನೋಡಿದರೆ ಎಷ್ಟೋ ಸಲ ಪಾಸ್‌ವರ್ಡಿನದೇನೂ ತಪ್ಪಿರುವುದಿಲ್ಲ.

ಮೊದಲ ಪ್ರಶ್ನೆಯಲ್ಲೇ ಎಡವುವ ಬಗೆಗಳನ್ನು ನೋಡೋಣ. ಕನ್ನಡ ಕೀಲಿಮಣೆ ಇಟ್ಟುಕೊಂಡವರು ಇಂಗ್ಲಿಷ್ ಅಂಕಿಯ 1ರ ಬದಲು ಕನ್ನಡದ ೧ನ್ನು ಒತ್ತಿರಬಹುದು. ನಮಗೆ ಎರಡೂ ಒಂದೇ, ಯಂತ್ರಕ್ಕೆ ಅವು ಬೇರೆ ಬೇರೆ ಅಕ್ಷರಗಳು. ಪದದ ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗವೊಂದು ಸೇರಿಕೊಂಡಿರಬಹುದು. ‘ಹೆಸರೋ ಪಾಸ್‌ವರ್ಡೋ ತಪ್ಪಿದೆ’ ಎಂದು ಯಂತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳುವುದು ಬೇಕೆಂದೇ. ಯಾವುದು ತಪ್ಪೆಂದು ಬಿಡಿಸಿ ಹೇಳಿದರೆ ಕಳ್ಳನಿಗೆ ಅರ್ಧ ದಾರಿ ತೋರಿಸಿದಂತಾಗುತ್ತದೆ. ಹಟ ಹಿಡಿದು ಮೇಲಿಂದ ಮೇಲೆ ಪ್ರಯತ್ನಿಸಿದರೆ ಕೆಲವು ತಾಣಗಳು ಖಾತೆಯನ್ನೇ ಸ್ವಲ್ಪ ಹೊತ್ತು ಮುಚ್ಚಿಬಿಡುತ್ತವೆ. ಆ ಮೇಲೆ ಸರಿಯಾದ ಪದವನ್ನು ಕೊಟ್ಟರೂ ಒಳಗೆ ಬಿಡುವುದಿಲ್ಲ. ಆಗ ಕಾಯುವುದೇ ಔಷಧಿ.

ಇನ್ನು ಓಟಿಪಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನು ಬಿಟ್ಟು ಹೊಸದನ್ನು ಕೊಂಡವರಿಗೆ ಅದು ಬರುವುದೇ ಇಲ್ಲ. ಬರಬೇಕಾದುದು ಹಳೆಯ ಸಂಖ್ಯೆಗೆ ಹೋಗುತ್ತದೆ. ಶಕುಂತಲೆಯ ಸ್ಥಿತಿಯೇ ಇದು. ಆಕೆ ಆಕೆಯೇ ಹೌದು, ಆದರೆ ಉಂಗುರ ನೀರುಪಾಲಾಗಿ ಮೀನಿನ ಹೊಟ್ಟೆಯಲ್ಲಿದೆ. ಪಾಸ್‌ವರ್ಡು ಬದಲಾಯಿಸಿ ಇಲ್ಲಿ ಪ್ರಯೋಜನವಿಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ಸಂಖ್ಯೆಯನ್ನು ತಿದ್ದಿಸಬೇಕು. ಮೊಬೈಲಿನೊಳಗೇ ಹುಟ್ಟುವ ಇನ್ನೊಂದು ಬಗೆಯ ಸಂಕೇತವುಂಟು. ಅದು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಗಡಿಯಾರವನ್ನು ಅನುಸರಿಸಿ ಬದಲಾಗುತ್ತದೆ. ಮೊಬೈಲಿನ ಗಡಿಯಾರ ಕೆಲವು ನಿಮಿಷ ಹಿಂದುಮುಂದಾಗಿದ್ದರೂ ಸಂಕೇತ ಸಲ್ಲದು.

ಬೆರಳಚ್ಚಿನ ಕಥೆ ಇನ್ನೂ ನೋವಿನದು. ಮಾಲೂರಿನ ಹೆಂಚು, ಇಟ್ಟಿಗೆಯ ಕೆಲಸದಲ್ಲಿ ಸವೆದ ಬೆರಳು, ಬಿಸಿನೀರಿನಲ್ಲಿ ರೇಷ್ಮೆಗೂಡು ಬಿಚ್ಚುತ್ತ ನುಣುಪಾದ ಬೆರಳು, ಎಪ್ಪತ್ತು ದಾಟಿದವರ ಒಣಗಿದ ಬೆರಳು, ಇವನ್ನು ಯಂತ್ರ ಗುರುತಿಸಲು ತಡಕಾಡುತ್ತದೆ. ದುಡಿದವರಿಗೇ ಹೆಚ್ಚಿನ ತೊಂದರೆ ಎಂದಾಯಿತು. ಪಿಂಚಣಿದಾರರು ಬದುಕಿದ್ದಾರೆಂದು ಸಾಬೀತುಪಡಿಸುವ ‘ಜೀವನ್ ಪ್ರಮಾಣ್’ ವ್ಯವಸ್ಥೆ 2014ರಲ್ಲಿ ಬಂದಿತು. 2021ರಿಂದ ಅದರಲ್ಲಿ ಮುಖವನ್ನು ತೋರಿಸಿ ಗುರುತು ಕೊಡುವ ದಾರಿಯೂ ತೆರೆಯಿತು. ಒಂದೇ ಹೆಬ್ಬೆರಳನ್ನು ಹತ್ತು ಸಲ ಒತ್ತಿಸುವ ಬದಲು ಬೇರೆ ಬೆರಳನ್ನು, ಅನುಕೂಲವಿದ್ದಲ್ಲಿ ಕಣ್ಣನ್ನೋ ಮುಖವನ್ನೋ ತೋರಿಸಲು ಕೇಳಬೇಕು. ಕೇಳುವುದು ನಮ್ಮ ಹಕ್ಕು, ಭಿಕ್ಷೆಯಲ್ಲ.

ಇವೆರಡು ಪ್ರಶ್ನೆಗಳ ನಡುವೆ ಒಂದು ಸಣ್ಣ ಸೇತುವೆಯಿದೆ. ಜಾಲತಾಣಕ್ಕೆ ನೆನಪೆಂಬುದು ಸ್ವಭಾವತಃ ಇಲ್ಲ. ನಾವು ತೆರೆಯುವ ಪ್ರತಿಯೊಂದು ಪುಟವೂ ಅದಕ್ಕೆ ಅಪರಿಚಿತನ ಹೊಸ ಭೇಟಿ. ಈ ಮರೆವಿಗೆ ಮದ್ದಾಗಿ 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಎಂಬುವರು ‘ಕುಕೀ’ ಎಂಬ ಚೀಟಿಯನ್ನು ರೂಪಿಸಿದರು. ಒಳಗೆ ಬಂದವನ ಕೈಗೆ ತಾಣವು ಚೀಟಿಯೊಂದನ್ನು ಕೊಡುತ್ತದೆ. ಅವನು ಪ್ರತಿ ಬಾಗಿಲಲ್ಲೂ ಅದನ್ನು ತೋರಿಸುತ್ತ ಹೋಗುತ್ತಾನೆ. ಪಾಸ್‌ವರ್ಡು ಒಪ್ಪಿತವಾಗಿಯೂ ಮತ್ತೆ ಮತ್ತೆ ಲಾಗಿನ್ ಪುಟಕ್ಕೇ ಮರಳುತ್ತಿದ್ದೀರಾದರೆ ಚೀಟಿ ನಿಮ್ಮ ಕೈಯಲ್ಲಿ ನಿಲ್ಲುತ್ತಿಲ್ಲವೆಂದು ತಿಳಿಯಬಹುದು. ಅವಧಿ ಮುಗಿದಿರಬಹುದು, ಅಥವಾ ನಿಮ್ಮ ಬ್ರೌಸರು ಚೀಟಿಗಳನ್ನು ತಿರಸ್ಕರಿಸುತ್ತಿರಬಹುದು. ಆ ತಾಣದ ಹಳೆಯ ಚೀಟಿಗಳನ್ನು ಅಳಿಸಿ ಹೊಸದಾಗಿ ಪ್ರವೇಶಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ.

ಎರಡನೆಯ ಪ್ರಶ್ನೆಗೆ ನಮ್ಮ ಸೀಮೆಯದೇ ಉದಾಹರಣೆ ಇಟ್ಟುಕೊಳ್ಳೋಣ. 2025ರ ಜೂನಿನಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿದು, ಬೆಲೆ ವ್ಯತ್ಯಾಸದ ಹಣವನ್ನು ರೈತರಿಗೆ ಕೊಡಲು ಸರ್ಕಾರ ಒಪ್ಪಿದ್ದು ನೆನಪಿರಬಹುದು. ಇಂಥ ಸಹಾಯಧನ ಸಲ್ಲುವುದು ದಾಖಲೆಯಲ್ಲಿ ಹೆಸರಿರುವವನಿಗೆ. ಶ್ರೀನಿವಾಸಪುರದ ಕಡೆ ತಂದೆ ತೀರಿಕೊಂಡು ಹತ್ತು ವರ್ಷವಾದರೂ ಪಹಣಿ ತಂದೆಯ ಹೆಸರಿನಲ್ಲೇ ಇರುವ ತೋಟಗಳಿಗೆ ಕೊರತೆಯಿಲ್ಲ. ಮಗ ಲಾಗಿನ್ ಆಗುತ್ತಾನೆ, ಓಟಿಪಿ ಬರುತ್ತದೆ, ಹೆಬ್ಬೆರಳೂ ಹೊಂದುತ್ತದೆ. ಅವನು ಯಾರೆಂಬುದು ಯಂತ್ರಕ್ಕೆ ಚೆನ್ನಾಗಿ ತಿಳಿಯಿತು. ಆದರೆ ಆ ತೋಟದ ಮೇಲೆ ಅವನಿಗೆ ಅಧಿಕಾರವಿದೆಯೆಂದು ಯಾವ ದಾಖಲೆಯೂ ಹೇಳುತ್ತಿಲ್ಲ. ಅವನು ಪಾಸ್‌ವರ್ಡನ್ನು ನೂರು ಸಲ ಬದಲಾಯಿಸಲಿ, ತಂದೆಯ ಹೆಸರು ಬದಲಾಗುವುದಿಲ್ಲ. ಅಲ್ಲಿ ಬೇಕಾದದ್ದು ಪೌತಿ ಖಾತೆ.

ಹೆಸರಿನ ಕಾಗುಣಿತವೂ ಹೀಗೆಯೇ ಕಾಡುತ್ತದೆ. ಕನ್ನಡದಲ್ಲಿ ಒಂದೇ ರೀತಿ ಬರೆಯುವ ‘ವೆಂಕಟರಮಣಪ್ಪ’ ಇಂಗ್ಲಿಷಿನಲ್ಲಿ ಒಂದು ಕಡೆ ಎರಡು ‘ಪಿ’ಗಳಿಂದ, ಇನ್ನೊಂದು ಕಡೆ ಒಂದೇ ‘ಪಿ’ಯಿಂದ ದಾಖಲಾಗಿದ್ದರೆ ಯಂತ್ರದ ದೃಷ್ಟಿಯಲ್ಲಿ ಅವರು ಇಬ್ಬರು ವೆಂಕಟರಮಣಪ್ಪಂದಿರು.

ತಾಣಗಳು ಈ ಭೇದವನ್ನು ಸಂಖ್ಯೆಗಳಲ್ಲಿ ಹೇಳುತ್ತವೆ. ಪರದೆಯ ಮೇಲೆ 401 ಎಂದು ಕಂಡರೆ ‘ನೀನು ಯಾರೆಂದು ತಿಳಿಯಲಿಲ್ಲ’ ಎಂದರ್ಥ. 403 ಎಂದರೆ ಸಾಮಾನ್ಯವಾಗಿ ‘ನೀನು ಯಾರಾದರೂ ಸರಿ, ಇದಕ್ಕೆ ನಿನಗೆ ಅನುಮತಿಯಿಲ್ಲ’ ಎಂದು. ತಮಾಷೆಯೆಂದರೆ 401ಕ್ಕೆ ಇಂಗ್ಲಿಷಿನಲ್ಲಿ ಇಟ್ಟಿರುವ ಹೆಸರಿನ ಅರ್ಥ ‘ಅಧಿಕಾರವಿಲ್ಲದವನು’ ಎಂದೇ ಆಗುತ್ತದೆ. ನಿಯಮ ಮಾಡಿದವರೇ ಎರಡು ಪ್ರಶ್ನೆಗಳನ್ನು ಬೆರೆಸಿಬಿಟ್ಟರು. ಭಾಷೆಯ ಮೇಷ್ಟರಾಗಿ ನನಗೆ ಇದು ಸಣ್ಣ ತಪ್ಪೆನಿಸುವುದಿಲ್ಲ.

ಬಿಡಬೇಕಾದವನನ್ನು ತಡೆಯುವುದು ಒಂದು ದೋಷವಾದರೆ, ತೋರಿಸಬಾರದ್ದನ್ನು ತೋರಿಸುವುದು ಇನ್ನೊಂದು. ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಹಲವರು ಒಟ್ಟಿಗೆ ಬಳಸುವ ಗಣಕವ್ಯವಸ್ಥೆಯೊಂದನ್ನು 1961ರಲ್ಲಿ ಪ್ರದರ್ಶಿಸಿತು. ಗಣಕಕ್ಕೆ ಪಾಸ್‌ವರ್ಡು ಬಂದದ್ದು ಅಲ್ಲಿಂದ ಎನ್ನುತ್ತಾರೆ. ಅದೇ ವ್ಯವಸ್ಥೆಯಲ್ಲಿ ಮುಂದೆ ಒಮ್ಮೆ ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದ ಪ್ರತಿಯೊಬ್ಬನಿಗೂ ಸ್ವಾಗತದ ಮಾತಿಗೆ ಬದಲಾಗಿ ಎಲ್ಲರ ಪಾಸ್‌ವರ್ಡುಗಳೂ ಕಾಣಿಸಿದವು! ಬಂದವರೆಲ್ಲರೂ ತಮ್ಮ ಗುರುತನ್ನು ಸರಿಯಾಗಿಯೇ ಕೊಟ್ಟಿದ್ದರು. ಜಾಲತಾಣಗಳ ಸುರಕ್ಷತೆಯನ್ನು ಕುರಿತು ‘ಓವಾಸ್ಪ್’ ಸಂಸ್ಥೆ 2021ರಲ್ಲಿ ಪ್ರಕಟಿಸಿದ ದೋಷಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇಂಥ ಅಧಿಕಾರ ನಿಯಂತ್ರಣದ ಲೋಪಕ್ಕೇ.

ಮುದ್ರಾರಾಕ್ಷಸ ನಾಟಕವನ್ನು ಓದಿದವರಿಗೆ ಮತ್ತೊಂದು ಅಪಾಯ ಹೊಳೆದಿರಬೇಕು. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರಿದ ಮೇಲೆ ಪತ್ರ ಯಾರದಾದರೇನು, ಅದು ರಾಕ್ಷಸನದೇ ಆಯಿತು. ಇಂದು ಓಟಿಪಿಯನ್ನು ದೂರವಾಣಿಯಲ್ಲಿ ಹೇಳಿಬಿಡುವವರು ಉಂಗುರವನ್ನೇ ಕಳಚಿ ಕೊಡುತ್ತಾರೆ. ಹಾಗೆಂದು ಕಣ್ಣು ಮಂಜಾದ ಮುದುಕಿಯೊಬ್ಬಳು ಅಂಗಡಿಯ ಹುಡುಗನ ಕೈಗೆ ಮೊಬೈಲನ್ನೇ ಕೊಟ್ಟರೆ ಆಕೆಯನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಜಮೀನಿನ ವ್ಯವಹಾರದಲ್ಲಿ ‘ಇಷ್ಟಕ್ಕೆ ಮಾತ್ರ’ ಎಂದು ಮುಖ್ತಿಯಾರು ಬರೆದುಕೊಡಬಹುದು. ಇಲ್ಲಿ ಅನೇಕ ಕಡೆ ಅಂಥ ಅವಕಾಶವಿಲ್ಲ, ಕೊಟ್ಟರೆ ಎಲ್ಲವನ್ನೂ ಕೊಡಬೇಕು. ಕಟ್ಟಿದವರು ತಿದ್ದಬೇಕಾದ ಕೊರತೆಯಿದು.

ಬಾಗಿಲು ತೆರೆಯದಿದ್ದಾಗ ಪರದೆಯ ಮೇಲಿನ ವಾಕ್ಯವನ್ನು, ಸಂಖ್ಯೆಯಿದ್ದರೆ ಸಂಖ್ಯೆಯನ್ನು, ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ಮತ್ತೊಬ್ಬರಿಗೆ ಖಾತೆಯಿದ್ದರೆ ಅದೇ ಮೊಬೈಲಿನಲ್ಲಿ ಅವರಿಗೆ ತೆರೆಯುತ್ತದೆಯೇ ನೋಡಿ. ತೆರೆದರೆ ದೋಷ ಮೊಬೈಲಿನದಲ್ಲ, ನಿಮ್ಮ ಖಾತೆಯದು. ಲಾಗಿನ್ ಆದ ಬಳಿಕವೇ ತಡೆಯುಂಟಾಗಿದ್ದು ಜಮೀನು ತಂದೆಯ ಹೆಸರಿನಲ್ಲಿದ್ದರೆ ಮೊಬೈಲನ್ನು ಕೆಳಗಿಡಿ. ಮರಣ ಪ್ರಮಾಣಪತ್ರವನ್ನೂ ವಂಶವೃಕ್ಷವನ್ನೂ ತೆಗೆದುಕೊಂಡು ನಾಡಕಚೇರಿಗೆ ಹೊರಡಿ.